ಮೂರ್ಸಲಕ್ಕೆ ಬೀಗ ಬಿದ್ದ ವರ್ಷ

ಹೋದ ತಿಂಗಳು ಅಂಗಡಿಯ ಶಟರ್ ಎಳೆಯುವಾಗ ತುಕ್ಕು ಹಿಡಿದ ಅಂಚು ಅಂಗೈಯನ್ನು ಕೊಯ್ದಿತು. ಹತ್ತಿರದ ಕ್ಲಿನಿಕ್ಕಿಗೆ ಹೋಗಿ ಟಿ.ಟಿ. ಇಂಜೆಕ್ಷನ್ನಿಗೆ ತೋಳು ಒಡ್ಡಿ ಕೂತೆ. ನರ್ಸಮ್ಮ ಹತ್ತಿಯನ್ನು ಸ್ಪಿರಿಟ್ಟಿನಲ್ಲಿ ಅದ್ದಿ ತೋಳು ಒರೆಸಿದಳು ನೋಡಿ, ಆ ವಾಸನೆ ಮೂಗಿಗೆ ಬಡಿದ ಕೂಡಲೇ ನನಗೆ ಮಹೇಶ ನೆನಪಾದ. ಬಾಯಿಂದ ಬಂದ ಮಾತು ಇಲ್ಲಿ ಬರೆಯುವಂಥದ್ದಲ್ಲ. ಆ ಹುಡುಗಿ ಪಾಪ, ತನ್ನನ್ನೇ ಬೈದೆ ಅಂದುಕೊಂಡು, "ಇನ್ನೂ ಚುಚ್ಚೇ ಇಲ್ಲ ಕಣಮ್ಮ" ಅಂದಳು.

ಸ್ಪಿರಿಟ್ ವಾಸನೆಗೂ ಮಹೇಶನಿಗೂ ಏನು ಸಂಬಂಧ ಅಂತ ಕೇಳುತ್ತೀರಿ. ಹೇಳುತ್ತೇನೆ. ನನ್ನದು ಮಿಕ್ಸಿಂಗ್ ಯೂನಿಟ್ಟು. ಮದುವೆ, ನಾಮಕರಣ, ಗೃಹಪ್ರವೇಶದ ವಿಡಿಯೋಗಳನ್ನು ಕತ್ತರಿಸಿ, ಜೋಡಿಸಿ, ಹಾಡು ಹಾಕಿ ಕೊಡುವ ಕೆಲಸ. ಹೆಬ್ಬೂರಿನಿಂದ ದಿನಾ ಬಸ್ಸಿನಲ್ಲಿ ತುಮಕೂರಿಗೆ ಬಂದು, ಮಂಡಿಪೇಟೆಯ ಹಿಂದಿನ ಒಂದು ಮಳಿಗೆಯಲ್ಲಿ ಇಪ್ಪತ್ತು ವರ್ಷಕ್ಕೂ ಮೇಲಾಯಿತು, ಅದನ್ನೇ ಮಾಡುತ್ತಿದ್ದೇನೆ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಅರ್ಧ ಕೆಲಸ ಹೋಯಿತು. ಬದಲಿಗೆ ಇನ್ನೊಂದು ಕೆಲಸ ಹುಟ್ಟಿಕೊಂಡಿತು. ಅಟ್ಟದ ಮೇಲೆ ಬಿದ್ದಿದ್ದ ಹಳೇ ಮದುವೆ ಕ್ಯಾಸೆಟ್ಟುಗಳನ್ನು ತಂದು, ಇದನ್ನ ಪೆನ್‌ಡ್ರೈವಿಗೆ ಹಾಕಿಕೊಡಿ ಅನ್ನುವವರು ಬರತೊಡಗಿದರು. ಮಳೆಗಾಲದಲ್ಲಿ ಆ ಟೇಪಿಗೆ ಬೂಷ್ಟು ಹಿಡಿದಿರುತ್ತದೆ. ಕ್ಯಾಸೆಟ್ ಓಡಿಸುವ ಡೆಕ್ಕಿಗೆ ಹಾಕಿ ಓಡಿಸಿದರೆ ಬೂಷ್ಟು ಟೇಪನ್ನು ಓದುವ ಹೆಡ್ಡಿಗೆ ಮೆತ್ತಿಕೊಂಡು ಚಿತ್ರದ ತುಂಬ ಬಿಳಿ ಗೆರೆ ಏಳುತ್ತದೆ. ಪ್ರತಿ ಸಲವೂ ಹೆಡ್ಡನ್ನು ಸ್ಪಿರಿಟ್ಟಿನಲ್ಲಿ ಒರೆಸಬೇಕು. ಮೂರು ವರ್ಷದ ಹಿಂದಿನ ಆ ಮಳೆಗಾಲದಲ್ಲಿ ನನ್ನ ಸೀರೆ, ಕೂದಲು, ಊಟದ ಡಬ್ಬಿ ಎಲ್ಲಕ್ಕೂ ಅದೇ ವಾಸನೆ ಹತ್ತಿಕೊಂಡಿತ್ತು.

ಮಹೇಶ ಕುಣಿಗಲ್ಲಿನವನು. ತುಮಕೂರಿನ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಪಾಠ ಹೇಳುತ್ತಿದ್ದ. ಕುಣಿಗಲ್ ಕಡೆಯಿಂದ ಬರುವ ಬಸ್ಸು ಹೆಬ್ಬೂರು ಮುಟ್ಟುವಷ್ಟರಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಅವನು ಪಕ್ಕದ ಸೀಟಿನ ಮೇಲೆ ಬ್ಯಾಗಿಟ್ಟು, ಬಂದವರಿಗೆಲ್ಲ "ನಮ್ಮಕ್ಕ ಹತ್ತುತಾರೆ" ಅಂತ ಹೇಳಿ, ಬೈಸಿಕೊಂಡು ನನಗೆ ಸೀಟು ಹಿಡಿದಿಟ್ಟಿರುತ್ತಿದ್ದ. ಎರಡು ವರ್ಷ ಹೀಗೆ. ನನಗೆ ತಮ್ಮಂದಿರಿಲ್ಲ. ಇದ್ದಿದ್ದರೂ ಇಷ್ಟು ಮಾಡುತ್ತಿರಲಿಲ್ಲ ಅಂತ ನಮ್ಮ ಮನೆಯಲ್ಲಿ ಎಷ್ಟು ಸಲ ಹೇಳಿದ್ದೇನೋ. ಈಗ ನೆನೆಸಿಕೊಂಡರೆ ಮೈ ಉರಿಯುತ್ತದೆ.

ಆ ವರ್ಷ ಆಷಾಢ ಬಂತು. ಆಷಾಢದಲ್ಲಿ ಮದುವೆ ಇಲ್ಲ, ಮಿಕ್ಸಿಂಗಿನವರು ನೊಣ ಹೊಡೆಯುವ ತಿಂಗಳು ಅದು. ಗಾಳಿ ಅಂದರೆ ಗಾಳಿ. ಮಂಡಿಪೇಟೆಯ ತಗಡುಗಳೆಲ್ಲ ಬಡಿದಾಡುತ್ತಿದ್ದವು, ಮಳೆ ಮಾತ್ರ ನಾಲ್ಕು ಹನಿ ಉದುರಿಸಿ ಓಡುತ್ತಿತ್ತು. ನನ್ನ ಎರಡು ಡೆಕ್ಕುಗಳಲ್ಲಿ ಒಂದು ಕೆಟ್ಟು ಕೂತಿತ್ತು. ಅದನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು ಗುಬ್ಬಿಗೆ, ಖಲೀಲ್ ಭಾಯ್ ಹತ್ತಿರ ಹೋದೆ.

ಖಲೀಲ್ ಭಾಯ್ ಗುಬ್ಬಿ ಬಸ್‌ ಸ್ಟ್ಯಾಂಡಿನ ಹತ್ತಿರ ರೇಡಿಯೋ, ಟಿ.ವಿ. ರಿಪೇರಿ ಮಾಡುತ್ತಿದ್ದವರು. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ. ಜಿಲ್ಲೆಯಲ್ಲಿ ಕ್ಯಾಸೆಟ್ ಡೆಕ್ ರಿಪೇರಿ ಗೊತ್ತಿರುವ ಕೈ ಅದೊಂದೇ ಉಳಿದಿತ್ತು ಅಂದರೆ ಹೆಚ್ಚಲ್ಲ. ಅವರ ಕೆಲಸದ ರೀತಿಯೇ ಬೇರೆ. ಕೆಟ್ಟ ಟೇಪನ್ನು ಅವರು ಒಂದು ಸಲ ಓಡಿಸಿ ಸುಮ್ಮನಾಗುತ್ತಿರಲಿಲ್ಲ, ಮೂರು ಸಲ ಓಡಿಸುತ್ತಿದ್ದರು. ಮೊದಲ ಸಲ ಇದ್ದ ಹಾಗೆ. ಎರಡನೇ ಸಲ ಟ್ರ್ಯಾಕಿಂಗನ್ನು, ಅಂದರೆ ಹೆಡ್ಡು ಟೇಪಿನ ಮೇಲೆ ಓಡುವ ಜಾಡನ್ನು, ಕೂದಲೆಳೆಯಷ್ಟು ಸರಿಸಿ. ಮೂರನೇ ಸಲ ಬೇರೆ ಡೆಕ್ಕಿನಲ್ಲಿ. ಒಂದು ಸಲ ಗೆರೆ ಎದ್ದ ಜಾಗದಲ್ಲಿ ಇನ್ನೊಂದು ಸಲ ಗೆರೆ ಏಳುವುದಿಲ್ಲ. ಮೂರನ್ನೂ ಪಕ್ಕಪಕ್ಕ ಇಟ್ಟುಕೊಂಡು, ಎಲ್ಲಿ ಯಾವುದು ಶುದ್ಧವೋ ಅದನ್ನು ಆರಿಸಿ ಕೈಯಲ್ಲೇ ಜೋಡಿಸುತ್ತಿದ್ದರು. ಒಂದು ಮದುವೆಗೆ ವಾರವೇ ಹಿಡಿಯುತ್ತಿತ್ತು.

ಮಾರನೇ ದಿನ ಬಸ್ಸಿನಲ್ಲಿ ಇದನ್ನು ಮಹೇಶನಿಗೆ ಹೇಳಿದೆ. ಅವನು ಒರಗಿದ್ದವನು ನೆಟ್ಟಗೆ ಕೂತ. ಮೂರರಲ್ಲಿ ಎರಡು ಒಪ್ಪಿದ್ದನ್ನು ಇಟ್ಟುಕೊಂಡು ಒಪ್ಪದ್ದನ್ನು ಬಿಡುವುದು ಕಂಪ್ಯೂಟರಿಗೆ ನಿಮಿಷದ ಕೆಲಸ ಅಂದ. ವಿಡಿಯೋವನ್ನು ಬಿಚ್ಚಿ ಚೂರು ಮಾಡಿ ಮತ್ತೆ ಕಟ್ಟುವ ಸಾಮಾನು ಎಲ್ಲಾ ಈಗಾಗಲೇ ಇದೆ, ಅದೂ ಪುಕ್ಕಟೆ ಅಂದ. ಎಫ್‌ಎಫ್‌ಎಂಪೆಗ್ ಅನ್ನುವ ಹೆಸರನ್ನು ನಾನು ಮೊದಲು ಕೇಳಿದ್ದು ಆ ಬಸ್ಸಿನಲ್ಲೇ. ಯಾವ ಯಾವುದೋ ದೇಶದವರು ಸೇರಿ ಬರೆದು, ಬರೆದದ್ದನ್ನೆಲ್ಲ ತೆರೆದಿಟ್ಟು, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಿ ಅಂತ ಬಿಟ್ಟಿದ್ದಾರಂತೆ. ನಾನು ಇಷ್ಟು ವರ್ಷ ಮದುವೆ ವಿಡಿಯೋ ಪರಿವರ್ತಿಸುತ್ತಿದ್ದ ಸಾಫ್ಟ್‌ವೇರಿನ ಹೊಟ್ಟೆಯಲ್ಲೂ ಅದೇ ಕೂತಿದೆಯಂತೆ. ನನ್ನ ಅನ್ನ ಯಾರ ಒಲೆಯ ಮೇಲೆ ಬೇಯುತ್ತಿದೆ ಅಂತಲೂ ತಿಳಿಯದೆ ಉಂಡಿದ್ದೆನಲ್ಲ ಅನ್ನಿಸಿತು.

ಆಷಾಢದ ಭಾನುವಾರಗಳೆಲ್ಲ ನಾವು ಮೂವರೂ ಗುಬ್ಬಿಯಲ್ಲಿ. ಮಹೇಶ ಲ್ಯಾಪ್‌ಟಾಪ್ ಇಟ್ಟುಕೊಂಡು ಬರೆಯುತ್ತಿದ್ದ. ಭಾಯ್ ಹೆಡ್ಡಿನ ಪಕ್ಕದ ಸಾಸಿವೆಯಂಥ ಸ್ಕ್ರೂವನ್ನು ತಿರುಗಿಸುತ್ತಾ ಕಣ್ಣು ಮುಚ್ಚಿ ಕೇಳುತ್ತಿದ್ದರು. ಒಂದು ಹಳೇ ಮದುವೆಯ ಟೇಪು, ಕಂಬಳಿಯೊಳಗಿಂದ ಊದಿದ ಹಾಗೆ ವಾಲಗ. ಭಾಯ್ ಸ್ಕ್ರೂವನ್ನು ಕಾಲು ಸುತ್ತು ತಿರುಗಿಸಿದರು, ಇನ್ನೂ ಅರೆಕಾಲು ತಿರುಗಿಸಿದರು, ವಾಲಗ ಬೀದಿಯಲ್ಲೇ ಊದಿದಂತೆ ಕೇಳಿತು. "ಈಗ ಊದೋನ್ ಉಸ್ರೂ ಕೇಳ್ತದೆ" ಅಂದರು ಭಾಯ್, ಅಷ್ಟೇ. ಯಾವ ಕಂಪನಿಯ ಡೆಕ್ಕಿಗೆ ಎಷ್ಟು ಸುತ್ತು, ಟ್ರ್ಯಾಕಿಂಗ್ ಎಷ್ಟು ಸರಿಸಬೇಕು, ಬೂಷ್ಟು ಎಷ್ಟಿದ್ದರೆ ಯಾವ ವೇಗ, ಎಲ್ಲವೂ ಅವರ ಬೆರಳಿನಲ್ಲಿತ್ತು. ಅವರು ಹೇಳಿದ್ದನ್ನೆಲ್ಲ ನಾನು ನೋಟ್‌ಬುಕ್ಕಿನಲ್ಲಿ ಬರೆದುಕೊಂಡು, ಆಮೇಲೆ ಟೈಪ್ ಮಾಡಿದೆ. ಆ ಪಟ್ಟಿ ಇಲ್ಲದಿದ್ದರೆ ಮಹೇಶ ಬರೆದ ಪ್ರೋಗ್ರಾಮ್ ಕುರುಡು. ಇದನ್ನು ಅವನೇ ಹೇಳಿದ್ದು.

ಅದಕ್ಕೆ ಮೂರ್ಸಲ ಅಂತ ಹೆಸರಿಟ್ಟೆವು. ಹೆಸರಿಟ್ಟ ದಿನವೇ ಭಾಯ್ ತಮ್ಮ ಷರತ್ತು ಹೇಳಿದರು. ಹಿಂದೊಮ್ಮೆ ದೊಡ್ಡ ಅಂಗಡಿಯವನೊಬ್ಬ ಸ್ನೇಹ ಮಾಡಿಕೊಂಡು, ಅವರ ಕೈಯ ಕೆಲಸವನ್ನೆಲ್ಲ ನೋಡಿ ಕಲಿತು, ಆಮೇಲೆ ಸ್ಪೇರ್ ಪಾರ್ಟುಗಳು ತನ್ನೊಬ್ಬನ ಮೂಲಕವೇ ಸಿಗುವ ಹಾಗೆ ಮಾಡಿಕೊಂಡಿದ್ದನಂತೆ. ಆ ಗಾಯ ಅವರಿಗೆ ಆರಿರಲಿಲ್ಲ.

"ನನ್ಗೆ ಹೆಸ್ರು ಬ್ಯಾಡ" ಅಂದರು. "ನಮ್ ಉಸ್ತಾದ್ ನನ್ಗೆ ಸುಮ್ನೆ ಹೇಳ್ಕೊಟ್ರು, ನಾನೂ ಸುಮ್ನೆ ಹೇಳ್ಕೊಡ್ತಿದೀನಿ. ಇದ್ಕೆ ಯಾವತ್ತೂ ಬೀಗ ಹಾಕ್ಬಾರ್ದು, ಭಾಗ್ಯಮ್ಮ."

ಹಾಕಲ್ಲ ಭಾಯ್ ಅಂದೆ. ಮಾತು ಕೊಟ್ಟವಳು ನಾನು. ಮಹೇಶ ಅದಕ್ಕೊಂದು ದಾರಿಯಿದೆ ಅಂದ. ಇಂಥ ಸಾಫ್ಟ್‌ವೇರಿನ ಜೊತೆ ಒಂದು ಲೈಸೆನ್ಸ್ ಕಟ್ಟಿ ಬಿಡುತ್ತಾರೆ. ಯಾರು ಬೇಕಾದರೂ ಬಳಸಬಹುದು, ಆದರೆ ತಿದ್ದಿ ಹಂಚುವವರು ತಾವು ತಿದ್ದಿದ್ದನ್ನೂ ತೆರೆದೇ ಇಡಬೇಕು ಅನ್ನುವ ಷರತ್ತು ಅದರಲ್ಲಿರುತ್ತದೆ. ಆ ಷರತ್ತನ್ನು ಬದಲಿಸಬೇಕಾದರೆ ಬರೆದವರೆಲ್ಲ ಒಪ್ಪಬೇಕು, ಒಬ್ಬರು ಬೇಡ ಅಂದರೂ ಆಗುವುದಿಲ್ಲ. ಹಾಗಾಗಿ ಭಾಯ್ ಹೆಸರೂ ಅದರಲ್ಲಿ ಇರಲೇಬೇಕು ಅಂದ. ಭಾಯ್ ನಮ್ಮ ಮೂವರನ್ನೂ ಬೆರಳಲ್ಲಿ ಎಣಿಸಿದರು.

"ಅಂದ್ರೆ ಮೂರ್ ಜನಾನೂ ಒಪ್ಬೇಕು. ನಾನು ಒಪ್ಪಲ್ಲ. ಮುಗೀತಲ್ಲ?"

ಮೂವರೂ ನಕ್ಕೆವು. ಭಾಯ್‌ಗೆ ಇ-ಮೇಲ್ ಇರಲಿಲ್ಲ. ನಾನೇ ಒಂದು ಖಾತೆ ತೆರೆದು, ಪಾಸ್‌ವರ್ಡ್ ಇಟ್ಟು, ಮೂರ್ಸಲಕ್ಕೆಂದು ಇಂಟರ್ನೆಟ್ಟಿನಲ್ಲಿ ಮಾಡಿದ್ದ ಪುಟಕ್ಕೆ ಅವರ ಪಟ್ಟಿಯನ್ನು ಅವರ ಹೆಸರಿನಲ್ಲೇ ಏರಿಸಿದೆ. ಪಾಸ್‌ವರ್ಡನ್ನು ನಾನೇ ಇಟ್ಟುಕೊಂಡೆ. ಭಾಯ್ ಕೇಳಲೂ ಇಲ್ಲ.

ಶ್ರಾವಣದಲ್ಲಿ ಮೂರ್ಸಲ ಎಲ್ಲರಿಗೂ ಸಿಗುವಂತೆ ಇಂಟರ್ನೆಟ್ಟಿಗೆ ಹೋಯಿತು. ಕುಣಿಗಲ್, ಹೆಬ್ಬೂರು, ತಿಪಟೂರಿನ ಸಣ್ಣ ಸಣ್ಣ ಸ್ಟುಡಿಯೋದವರು ಮೊದಲು ಇಳಿಸಿಕೊಂಡರು. ಭಾಯ್ ಯಾರು ಬಂದರೂ ಕೂರಿಸಿಕೊಂಡು ಸ್ಕ್ರೂ ತಿರುಗಿಸುವುದನ್ನು ಹೇಳಿಕೊಡುತ್ತಿದ್ದರು. ಒಂದು ದಿನ ಮಹೇಶ ಬಸ್ಸಿನಲ್ಲಿ ಫೋನು ತೋರಿಸಿದ. ಚಿಲಿ ದೇಶದ ಎಲೆನಾ ಅನ್ನುವ ಹೆಂಗಸು ಒಂದು ತಪ್ಪು ಹುಡುಕಿ, ತಾನೇ ತಿದ್ದಿ ಕಳಿಸಿದ್ದಳು. ಅವಳೂ ಯಾವುದೋ ಸಣ್ಣ ಊರಿನಲ್ಲಿ ನನ್ನ ಹಾಗೇ ಹಳೇ ಟೇಪಿನ ಕೆಲಸ ಮಾಡುವವಳಂತೆ. ಭಾಯ್‌ಗೆ ಹೇಳಿದರೆ ಅವರು ಕೇಳಿದ್ದು ಒಂದೇ, ಅಲ್ಲೂ ಬೂಷ್ಟು ಹಿಡಿಯುತ್ತದಾ ಅಂತ. ಹಿಡಿಯುತ್ತದಂತೆ ಅಂದೆ. ಆ ದಿನವೆಲ್ಲ ಅವರ ಮುಖದಲ್ಲಿ ನಗು ಇತ್ತು.

ಆಮೇಲೆ ಉತ್ತರೆ ಮಳೆ ಹಿಡಿದುಕೊಂಡಿತು, ಅದರ ಹಿಂದೆಯೇ ಪಿತೃಪಕ್ಷ. ನಮ್ಮ ಕಡೆ ಪಕ್ಷದಲ್ಲಿ ಹಿರಿಯರ ಫೋಟೋ ಇಟ್ಟು ಎಡೆ ಹಾಕುತ್ತಾರೆ. ಫೋಟೋ ಇಲ್ಲದ ಮನೆಗಳು ಎಷ್ಟಿವೆ ಅಂತ ನನಗೆ ಗೊತ್ತಾದದ್ದು ಆ ವರ್ಷವೇ. ಯಾರದೋ ಮದುವೆ ಕ್ಯಾಸೆಟ್ಟಿನಲ್ಲಿ ನಮ್ಮಪ್ಪ ಒಂದು ಸಲ ಕಾಣಿಸುತ್ತಾನೆ, ಅದೊಂದನ್ನು ತೆಗೆದುಕೊಡಿ ಅಂತ ಜನ ಮೆಟ್ಟಿಲ ತುಂಬ ನಿಂತಿದ್ದರು. ಮಾರ್ಕೋನಹಳ್ಳಿ ಕಡೆಯಿಂದ ಜಯಮ್ಮ ಅನ್ನುವವರೊಬ್ಬರು ಬಂದರು. ತಾಯಿ ಸತ್ತಾಗ ಈಕೆಗೆ ನಾಲ್ಕು ವರ್ಷ. ಮುಖ ನೆನಪಿಲ್ಲ. ದೊಡ್ಡಪ್ಪನ ಮಗಳ ಮದುವೆಯಲ್ಲಿ ತಾಯಿ ಬಡಿಸಿದ್ದರು ಅಂತ ಯಾರೋ ಹೇಳಿದ್ದನ್ನು ನಂಬಿಕೊಂಡು ಆ ಕ್ಯಾಸೆಟ್ ಹುಡುಕಿ ತಂದಿದ್ದರು.

ಟೇಪು ಬೆಳ್ಳಗೆ ಬೂಷ್ಟು ಹಿಡಿದಿತ್ತು. ಭಾಯ್ ಗುಬ್ಬಿಯಿಂದ ತಮ್ಮ ಡೆಕ್ಕನ್ನೇ ಹೊತ್ತುಕೊಂಡು ಬಂದರು. ಮೂರು ಸಲ ಓಡಿಸಿದೆವು, ಮೂರೂ ಸಲ ಹೆಡ್ ಒರೆಸಿದೆವು, ಮೂರ್ಸಲಕ್ಕೆ ಕೊಟ್ಟೆವು. ಊಟದ ಪಂಕ್ತಿ ಬಂತು. ಹಸಿರು ಸೀರೆಯ ಹೆಂಗಸೊಬ್ಬಳು ಅನ್ನದ ಬುಟ್ಟಿ ಹಿಡಿದು ಬಗ್ಗಿ, ತಲೆಯೆತ್ತಿ, ಕ್ಯಾಮೆರಾ ನೋಡಿ ನಾಚಿಕೊಂಡು, ಎಲೆಯ ಮುಂದಿದ್ದವರನ್ನು ಕೇಳಿದಳು, "ಇನ್ನೊಂಚೂರ್ ಹಾಕ್ಲಾ?" ಅಷ್ಟೇ ಇದ್ದದ್ದು. ಜಯಮ್ಮ ಅದನ್ನು ಎಷ್ಟು ಸಲ ಹಾಕಿಸಿಕೊಂಡರೋ ಲೆಕ್ಕವಿಲ್ಲ. ಕೊನೆಗೆ ಕಂಪ್ಯೂಟರಿನ ಕಡೆ ನೋಡುತ್ತಲೇ "ಹಾಕವ್ವ" ಅಂದರು. ನಾನು ಒಳಗೆ ಹೋಗಿ ಅತ್ತೆ. ನನ್ನ ಕೆಲಸದಲ್ಲಿ ಇಂಥ ದಿನ ಇನ್ನೊಂದು ಬಂದಿಲ್ಲ.

ಮಹೇಶ ಆ ದಿನ ಇರಲಿಲ್ಲ. ಪಕ್ಷದ ಹೊತ್ತಿಗೆ ಅವನು ಭಾನುವಾರ ಗುಬ್ಬಿಗೆ ಬರುವುದನ್ನು ಬಿಟ್ಟಿದ್ದ. ಬಸ್ಸಿನಲ್ಲೂ ಮುಖ ಸಪ್ಪಗೆ ಮಾಡಿಕೊಂಡು ಕೂರುತ್ತಿದ್ದ. ಜಗತ್ತಿನ ಮೂಲೆ ಮೂಲೆಯಿಂದ ದೂರುಗಳು ಬರುತ್ತವೆ, ಇದು ಕೆಲಸ ಮಾಡುತ್ತಿಲ್ಲ ಅದು ಮಾಡುತ್ತಿಲ್ಲ ಅಂತ ಬೈದು ಬರೆಯುತ್ತಾರೆ, ಪುಕ್ಕಟೆ ಕೊಟ್ಟವನ ಮೇಲೆ ಇಷ್ಟು ದರ್ಪ ಯಾಕೆ ಅಂತ ಒಮ್ಮೆ ಹೇಳಿಕೊಂಡ. ನಾನು ಅದಕ್ಕೆ ಅಷ್ಟು ಸೊಪ್ಪು ಹಾಕಲಿಲ್ಲ. ಹಾಕಬೇಕಿತ್ತೇನೋ.

ಕಾರ್ತಿಕ ಕಳೆಯುವ ಹೊತ್ತಿಗೆ ಲಗ್ನಗಳು ಮುಗಿಬಿದ್ದವು. ನನಗೆ ಉಸಿರಾಡಲು ಪುರುಸೊತ್ತಿಲ್ಲ. ಒಂದು ಮಧ್ಯಾಹ್ನ ಹಿರೇಹಳ್ಳಿಯ ಫ್ಯಾಕ್ಟರಿ ಮಾಲೀಕರೊಬ್ಬರ ಮಗಳ ಆರತಕ್ಷತೆಯನ್ನು ಜೋಡಿಸುತ್ತಾ ಕೂತಿದ್ದೆ, ಹುಡುಗಿಯ ಮನೆಯವರು ಎದುರಿಗೇ ಕೂತು ಕಾಯುತ್ತಿದ್ದರು. ಮಹೇಶನ ಫೋನು ಬಂತು. ಮೇಲ್ ಕಳಿಸಿದ್ದೇನೆ, ಒಪ್ಪಿಗೆ ಅಂತ ಒಂದು ಪದ ಬರೆದು ಕಳಿಸಿಬಿಡಿ ಅಂದ. ಏನು ಅಂತ ಕೇಳಿದೆ. ಲೈಸೆನ್ಸ್ ಅಪ್‌ಡೇಟ್, ಬರೀ ಫಾರ್ಮಾಲಿಟಿ ಅಂದ. ಇಂಗ್ಲಿಷಿನ ಮೂರು ಪುಟ. ನಾನು ಮೇಲಿನ ನಾಲ್ಕು ಸಾಲು ಓದಿದೆನೋ ಇಲ್ಲವೋ. ಒಪ್ಪಿಗೆ ಅಂತ ಕಳಿಸಿದೆ.

ಐದು ನಿಮಿಷ ಬಿಟ್ಟು ಮತ್ತೆ ಫೋನು. "ಅಕ್ಕ, ಭಾಯ್‌ದೂ ನೀವೇ ಕಳಿಸ್ಬಿಡಿ. ಪಾಸ್‌ವರ್ಡ್ ನಿಮ್ಮ ಹತ್ರಾನೇ ಇದೆಯಲ್ಲ."

ನಾನು ಭಾಯ್‌ಗೆ ಒಂದು ಫೋನು ಮಾಡಬಹುದಿತ್ತು. ಅವರಿಗೆ ಇವೆಲ್ಲ ಎಲ್ಲಿ ತಿಳಿಯುತ್ತದೆ, ವಿವರಿಸುತ್ತಾ ಕೂತರೆ ಇವರ ಕೆಲಸ ಯಾವಾಗ ಮುಗಿಯುತ್ತದೆ ಅಂದುಕೊಂಡೆ. ಅವರ ಖಾತೆಗೆ ಹೋಗಿ, ಅವರ ಹೆಸರಿನಲ್ಲಿ, ಒಪ್ಪಿಗೆ ಅಂತ ಬರೆದು ಕಳಿಸಿ, ಮತ್ತೆ ಆರತಕ್ಷತೆಯ ಕೆಲಸಕ್ಕೆ ಕೂತೆ.

ಮಾರ್ಗಶಿರದ ಚಳಿಯಲ್ಲಿ ಒಂದು ಬೆಳಿಗ್ಗೆ ಕುಣಿಗಲ್ಲಿನ ಸ್ಟುಡಿಯೋದವನೊಬ್ಬ ಫೋನು ಮಾಡಿ, ಮೂರ್ಸಲ ತೆಗೆದರೆ ಏನೋ ಕೀ ಕೇಳುತ್ತಿದೆ, ಚಂದಾ ಕಟ್ಟಿ ಅನ್ನುತ್ತಿದೆ ಅಂದ. ಅವನದೇನೋ ಎಡವಟ್ಟು ಅಂದುಕೊಂಡೆ. ಹಿಂದೆಯೇ ಹೆಬ್ಬೂರಿನವನದು ಬಂತು. ನನ್ನ ಕಂಪ್ಯೂಟರಿನಲ್ಲಿ ತೆಗೆದೆ. ಅದು ತಾನಾಗಿಯೇ ಅಪ್‌ಡೇಟ್ ಆಗಿತ್ತು. ಬಣ್ಣ ಬೇರೆ, ಹೆಸರು ಬೇರೆ, ಕೆಳಗೆ ಬೆಂಗಳೂರಿನ ಯಾವುದೋ ಕಂಪನಿಯ ಗುರುತು. ನಮ್ಮ ಮೂವರ ಹೆಸರೂ ಇರಲಿಲ್ಲ. ಎಲ್ಲವನ್ನೂ ತೆರೆದಿಟ್ಟಿದ್ದ ಆ ಪುಟಕ್ಕೆ ಹೋದರೆ ಪುಟವೇ ಇಲ್ಲ. ಮಹೇಶನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಅಂಗಡಿ ಮುಚ್ಚಿ ಗುಬ್ಬಿ ಬಸ್ಸು ಹತ್ತಿದೆ.

ಭಾಯ್ ಮೂರ್ಸಲಕ್ಕೆಂದೇ ತಂದಿಟ್ಟುಕೊಂಡಿದ್ದ ಹಳೇ ಕಂಪ್ಯೂಟರಿನ ಮುಂದೆ ಕನ್ನಡಕ ಹಣೆಗೇರಿಸಿಕೊಂಡು ಕೂತಿದ್ದರು. ಪಕ್ಕದಲ್ಲಿ ಗಿರಾಕಿ ಒಬ್ಬರು, ತೀರಿಹೋದ ಅಣ್ಣನ ಮದುವೆ ಟೇಪು ತಂದವರು. ಪರದೆಯ ಮೇಲೆ ಆ ಅಣ್ಣ ಬಾಸಿಂಗ ಕಟ್ಟಿಕೊಂಡು ಕೂತಿದ್ದಾನೆ, ಅವನ ಮುಖದ ಮೇಲೆ ಅಡ್ಡಲಾಗಿ ಕಂಪನಿಯ ಹೆಸರು, ದಪ್ಪ ಅಕ್ಷರದಲ್ಲಿ. ಚಂದಾ ಕಟ್ಟದಿದ್ದರೆ ಆ ಅಕ್ಷರ ಹೋಗುವುದಿಲ್ಲ. ಭಾಯ್ ನನ್ನನ್ನು ನೋಡಿದ ಕೂಡಲೇ ಕೇಳಿದರು, "ನಾನೇನಾದ್ರೂ ತಪ್ ಒತ್ಬುಟ್ನಾ, ಭಾಗ್ಯಮ್ಮ?"

ಆ ಮನುಷ್ಯ ತಪ್ಪು ತನ್ನದೇ ಅಂದುಕೊಂಡು ಬೆಳಗಿನಿಂದ ಬೆವರುತ್ತಿದ್ದರು. ನಿಮ್ಮದಲ್ಲ ಭಾಯ್, ಮಹೇಶ ಇದನ್ನು ಮಾರಿಕೊಂಡಿದ್ದಾನೆ, ಬೀಗ ಹಾಕಿದ್ದಾನೆ ಅಂದೆ.

"ಅದ್ ಹೆಂಗಾಗ್ತದೆ?" ಅಂದರು ಭಾಯ್, ಮೆಲ್ಲಗೆ. "ನಾನ್ ಒಪ್ಪಿಲ್ವಲ್ಲ."

ಆರತಕ್ಷತೆಯ ಮಧ್ಯಾಹ್ನ, ಎರಡನೇ ಫೋನು, ಒಪ್ಪಿಗೆ ಅನ್ನುವ ಪದ, ಎಲ್ಲವೂ ಒಮ್ಮೆಲೇ ತಲೆಗೆ ಬಂತು. ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಅವನು ಮೋಸ ಮಾಡಿದ್ದಾನೆ ಭಾಯ್, ಅವನನ್ನು ಸುಮ್ಮನೆ ಬಿಡುವುದಿಲ್ಲ ಅಂತ ಜೋರಾಗಿ ಹೇಳಿ, ಅವರ ಮುಖ ನೋಡದೆ ಎದ್ದು ಬಂದೆ.

ಮಾರನೇ ದಿನ ಕುಣಿಗಲ್ಲಿಗೆ ಅವನ ಮನೆಗೇ ಹೋದೆ. ಅವನ ಹೆಂಡತಿ ಬನ್ನಿ ಅಕ್ಕ ಅಂತ ಕರೆದು ಕಾಫಿ ಇಟ್ಟಳು. ಅವಳಿಗೆ ಏನೂ ಗೊತ್ತಿರಲಿಲ್ಲ ಅಂತ ಕಾಣುತ್ತದೆ. ಕಾಫಿ ಮುಟ್ಟದೆ ಶುರು ಮಾಡಿದೆ. ನಮ್ಮಿಬ್ಬರ ಮುಖ ನೋಡಿ ನಂಬಿದ ಮನುಷ್ಯನ ಕಣ್ಣಿಗೆ ಮಣ್ಣೆರಚಿದೆಯಲ್ಲೋ, ಸತ್ತವರ ಮುಖದ ಮೇಲೆ ಕಂಪನಿಯ ಹೆಸರು ಬರೆಸಿದೆಯಲ್ಲೋ, ಸೀಟು ಹಿಡಿದದ್ದೂ ಇದಕ್ಕೇನಾ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವನು ತಲೆ ತಗ್ಗಿಸಿಕೊಂಡೇ ಕೇಳಿಸಿಕೊಂಡ. ನಾಲ್ಕು ತಿಂಗಳು ಯಾರು ಯಾರದೋ ದೂರು ಓದಿ ತಿದ್ದಿದವನು ನಾನೊಬ್ಬನೇ, ಭಾಯ್ ಬರಲಿಲ್ಲ ನೀವೂ ಬರಲಿಲ್ಲ, ಕಂಪನಿಯವರು ಬಂದು ನಾವು ನೋಡಿಕೊಳ್ಳುತ್ತೇವೆ ಅಂದರು, ನನಗೂ ಸಾಕಾಗಿತ್ತು ಅಂದ. ಅದರಲ್ಲಿ ಸುಳ್ಳಿರಲಿಲ್ಲ. ಸಾಕಾಗಿದ್ದರೆ ಬಿಟ್ಟುಬಿಡಬೇಕಿತ್ತು, ಮಾರುವುದಕ್ಕೆ ಯಾರಪ್ಪನ ಗಂಟು ಅಂದೆ. ಫಾರ್ಮಾಲಿಟಿ ಅಂತ ಸುಳ್ಳು ಹೇಳಿ ಬರೆಸಿಕೊಂಡೆ ಅಂದೆ.

ಆಗ ತಲೆಯೆತ್ತಿದ. "ಮೇಲ್‌ನಲ್ಲಿ ಎಲ್ಲಾ ಬರ್ದಿದ್ದೆ ಅಕ್ಕ, ನೀವು ಓದ್ಲಿಲ್ಲ. ಭಾಯ್ ಒಪ್ಪಲ್ಲ ಅಂತ ನನಗೂ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಆದ್ರೂ ಕಳಿಸಿದ್ದು ನೀವೇ."

ಚಪ್ಪಲಿ ಮೆಟ್ಟಿಕೊಂಡು ಹೊರಟೆ. ಅವನು ಗೇಟಿನ ತನಕ ಬಂದ. ಬೀಗ ಇಲ್ಲದ ಹಳೇ ಮೂರ್ಸಲ ಯಾರ ಹತ್ತಿರವಾದರೂ ಉಳಿದಿದ್ದರೆ ಅದನ್ನು ಯಾರೂ ಕಿತ್ತುಕೊಳ್ಳಲಾಗುವುದಿಲ್ಲ, ಅದು ಹಳೇ ಷರತ್ತಿನಲ್ಲೇ ಇರುತ್ತದೆ ಅಂದ. ತಪ್ಪೊಪ್ಪಿಗೆಯೋ, ಸಮಾಧಾನವೋ, ಅವನಿಗೇ ಗೊತ್ತು. ಹುಡುಕಿದೆ. ನಮ್ಮ ಕಡೆಯ ಯಾವ ಅಂಗಡಿಯಲ್ಲೂ ಉಳಿದಿರಲಿಲ್ಲ, ಎಲ್ಲವೂ ತಾವಾಗಿಯೇ ಅಪ್‌ಡೇಟ್ ಆಗಿದ್ದವು. ಮಹೇಶ ಆಮೇಲೆ ಬೇರೆ ಬಸ್ಸು ಹಿಡಿಯತೊಡಗಿದ. ನಾನು ಹೆಬ್ಬೂರಿನಿಂದ ನಿಂತುಕೊಂಡೇ ಬರುತ್ತಿದ್ದೆ.

ಸಂಕ್ರಾಂತಿ ಹತ್ತಿರ ಬಂದಾಗ ಭಾಯ್ ಖಾತೆಗೆ ಒಂದು ಮೇಲ್ ಬಂತು. ಚಿಲಿಯ ಎಲೆನಾ. ಹಳೇ ಮೂರ್ಸಲ ಅವಳ ಹತ್ತಿರ ಪೂರ್ತಿ ಇತ್ತು. ಅವಳ ಒಪ್ಪಿಗೆಯನ್ನೂ ಕೇಳಬೇಕಾಗದಂತೆ, ಅವಳು ತಿದ್ದಿ ಕಳಿಸಿದ್ದ ಭಾಗವನ್ನು ಮಹೇಶ ಸದ್ದಿಲ್ಲದೆ ಕಿತ್ತು ತಾನೇ ಬೇರೆ ಬರೆದಿದ್ದನಂತೆ, ಆಗಲೇ ಅವಳಿಗೆ ಅನುಮಾನ ಬಂದಿತ್ತಂತೆ. ಅದನ್ನು ಮತ್ತೆ ತೆರೆದಿಟ್ಟು ಮುಂದುವರಿಸಬೇಕು ಅಂತಿದ್ದೇನೆ, ಆದರೆ ಅದಕ್ಕೆ ಮೊದಲು ಕೇಳಬೇಕು ಅನ್ನಿಸಿತು, ಪಟ್ಟಿ ನಿಮ್ಮದು, ನೀವು ನಿಜವಾಗಿ ಬೀಗಕ್ಕೆ ಒಪ್ಪಿದ್ದಿರಾ ಅಂತ ಬರೆದಿದ್ದಳು.

ಕಾಣದ ದೇಶದ ಹೆಂಗಸಿಗೆ ಹೊಳೆದದ್ದು ನನಗೆ ಹೊಳೆದಿರಲಿಲ್ಲ. ಅವಳು ಭಾಯ್‌ನ ಕೇಳಿದ್ದಳು. ನಾನು ಕೇಳಿರಲಿಲ್ಲ. ಆ ಮೇಲಿಗೂ ನಾನೇ ಉತ್ತರ ಬರೆದು ಕಳಿಸಬಹುದಿತ್ತು, ಒಪ್ಪಿರಲಿಲ್ಲ ಅಂತ ಒಂದು ಸಾಲು ಬರೆದಿದ್ದರೆ ಎಲ್ಲ ಸರಿಹೋಗುತ್ತಿತ್ತು, ಭಾಯ್‌ಗೆ ತಿಳಿಯುತ್ತಲೂ ಇರಲಿಲ್ಲ. ಎರಡು ದಿನ ಅದೇ ಯೋಚನೆ ಮಾಡಿದೆ, ನಾಚಿಕೆಯಿಲ್ಲದೆ ಹೇಳುತ್ತೇನೆ. ಮೂರನೇ ದಿನ ಮೇಲನ್ನು ಪ್ರಿಂಟ್ ಹಾಕಿಸಿ ಗುಬ್ಬಿಗೆ ಹೋದೆ.

ಭಾಯ್ ಒಂದು ಮಿಕ್ಸಿ ಬಿಚ್ಚಿಕೊಂಡು ಕೂತಿದ್ದರು. ಎಲೆನಾ ಬರೆದದ್ದನ್ನು ಕನ್ನಡದಲ್ಲಿ ಓದಿ ಹೇಳಿದೆ. ನಾನ್ ಒಪ್ಪಿಲ್ಲ ಅಂತ ಬರಿ ಅಂದರು, ಕೈ ಮಿಕ್ಸಿಯ ಮೇಲೇ ಇತ್ತು. ಆಗ ಹೇಳಿದೆ. ಮಹೇಶ ಫೋನು ಮಾಡಿದ್ದು, ಆರತಕ್ಷತೆಯ ಅವಸರ, ಪಾಸ್‌ವರ್ಡು, ಅವರ ಹೆಸರಿನಲ್ಲಿ ನಾನೇ ಒಪ್ಪಿಗೆ ಕೊಟ್ಟದ್ದು, ಅವತ್ತು ಅವರೆದುರಿಗೆ ಅದನ್ನು ನುಂಗಿಕೊಂಡು ಎಲ್ಲ ತಪ್ಪನ್ನೂ ಮಹೇಶನ ತಲೆಗೆ ಕಟ್ಟಿದ್ದು. ಅವರು ಸ್ಕ್ರೂ ಡ್ರೈವರ್ ಕೆಳಗಿಟ್ಟರು. ಬೈದಿದ್ದರೆ ಚೆನ್ನಾಗಿತ್ತು.

"ನನ್ನ ಒಂದ್ ಮಾತ್ ಕೇಳಿದ್ರೆ ಎಷ್ಟ್ ಹೊತ್ತಾಗ್ತಿತ್ತು?" ಅಂದರು.

ಎಲೆನಾಗೆ ಉತ್ತರ ಬರೆದುಕೊಡಲಾ ಭಾಯ್ ಅಂತ ಕೇಳಿದೆ. ಬೇಡ ಅಂದರು. ಪಾಸ್‌ವರ್ಡನ್ನು ಒಂದು ಚೀಟಿಯಲ್ಲಿ ಬರೆದಿಟ್ಟು ಹೋಗು ಅಂದರು. ಬರೆದಿಟ್ಟೆ. ಅವರು ಅದನ್ನು ಎರಡು ಸಲ ಮಡಿಚಿ ಜೇಬಿಗೆ ಹಾಕಿಕೊಂಡು ಮತ್ತೆ ಮಿಕ್ಸಿ ಎತ್ತಿಕೊಂಡರು. ಆ ಸಂಜೆ ಮನೆಗೆ ಹೋಗಿ ಖಾತೆಗೆ ಹೋಗಲು ನೋಡಿದೆ, ಕೈ ಸುಮ್ಮನಿರಬೇಕಲ್ಲ. ಪಾಸ್‌ವರ್ಡ್ ಬದಲಾಗಿತ್ತು.

ತಿಂಗಳೊಳಗೆ ಎಲೆನಾ ಹಳೇ ಮೂರ್ಸಲವನ್ನು ಹೊಸ ಪುಟದಲ್ಲಿ ತೆರೆದಿಟ್ಟಳು. ಈಗ ಗುಬ್ಬಿ, ಕುಣಿಗಲ್, ತುಮಕೂರಿನವರೆಲ್ಲ ಅಲ್ಲಿಂದಲೇ ಇಳಿಸಿಕೊಳ್ಳುತ್ತಾರೆ. ಕೀ ಇಲ್ಲ, ಚಂದಾ ಇಲ್ಲ, ಯಾರ ಮುಖದ ಮೇಲೂ ಅಕ್ಷರವಿಲ್ಲ. ಪುಟದ ನೆತ್ತಿಯ ಮೇಲೆ ಭಾಯ್ ತಾವೇ ಬರೆದು ಕಳಿಸಿದ ಉತ್ತರವನ್ನು ಎಲೆನಾ ಕನ್ನಡದಲ್ಲಿ ಹಾಗೆಯೇ ಹಾಕಿದ್ದಾಳೆ, ಕೆಳಗೆ ಅದರ ಇಂಗ್ಲಿಷ್. ನಾಲ್ಕು ಸಾಲು, ಕಾಗುಣಿತ ಅಲ್ಲಲ್ಲಿ ತಪ್ಪಿದೆ. ನಾನು ಒಪ್ಪಿಲ್ಲ. ನನ್ನ ಹೆಸರಲ್ಲಿ ಬೇರೆ ಯಾರೋ ಬರೆದರು. ಇದಕ್ಕೆ ಬೀಗ ಬೇಡ. ಖಲೀಲ್, ಗುಬ್ಬಿ.

ಮಹೇಶ ನನಗೆ ಮಾಡಿದ್ದನ್ನು ನಾನು ಮರೆಯುವುದಿಲ್ಲ, ಕ್ಷಮಿಸುವುದೂ ಇಲ್ಲ. ಆದರೆ ಭಾಯ್‌ಗೆ ಅದನ್ನು ಮಾಡಿದವಳು ನಾನು. ಅವರು ನನ್ನ ಹೆಸರು ಬರೆಯಬಹುದಿತ್ತು, ಬರೆಯಲಿಲ್ಲ. ಬೇರೆ ಯಾರೋ ಅಂತ ಬರೆದರು. ಯಾರಾದರೂ ಬೂಷ್ಟು ಹಿಡಿದ ಕ್ಯಾಸೆಟ್ ತಂದರೆ ಎಲ್ಲರ ಹಾಗೆ ನಾನೂ ಆ ಪುಟಕ್ಕೇ ಹೋಗುತ್ತೇನೆ. ನೀನು ಯಾರು ಅಂತ ಅದು ಕೇಳುವುದಿಲ್ಲ, ನನಗೂ ಕೊಡುತ್ತದೆ. ಇಳಿಸಿಕೊಳ್ಳುವ ಗುಂಡಿ ಇರುವುದು ಆ ನಾಲ್ಕು ಸಾಲಿನ ಕೆಳಗೆ, ಪ್ರತಿ ಸಲವೂ ಅದನ್ನು ಓದಿಯೇ ಕೆಳಗಿಳಿಯಬೇಕು.